ಆಷಾಢದಲ್ಲಿ ಮೇಷ್ಟ್ರ ಚಪ್ಪರ

"ಗಾಳಿ ಬಂದ್ರೆ ನೀವು ಏನೂ ಮಾಡೋಕೆ ಹೋಗ್ಬೇಡಿ ದುಲ್ಹೆಭಾಯ್. ಅಷ್ಟು ಮಾಡಿದ್ರೆ ಸಾಕು."

ಭಾನುವಾರ ಬೆಳಗ್ಗೆ ಭಾವಮೈದುನ ಅಜರ್ ಹೇಳಿಹೋದ ಮಾತು ಇಷ್ಟೇ. ಅಕ್ಕನ ಗಂಡನನ್ನು ದುಲ್ಹೆಭಾಯ್ ಎನ್ನುವುದು ಅವರ ಮನೆಯ ರೂಢಿ. ಆ ಕರೆಯಲ್ಲಿ ಮರ್ಯಾದೆಗೇನೂ ಕೊರತೆಯಿರಲಿಲ್ಲ. ಆದರೆ ಮಾತಿನ ಬಾಲದಲ್ಲಿ ಒಂದು ಸಣ್ಣ ನಗು ಇತ್ತು. ಆ ನಗು ಅನೀಸ್ ಅಹಮದ್ ಮೇಷ್ಟ್ರ ಎದೆಯೊಳಗೆ, ಮಾವಿನಹಣ್ಣಿನ ನಾರು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡಿತು.

ನಗುವಿಗೆ ಕಾರಣವಿಲ್ಲದೆ ಇರಲಿಲ್ಲ. ಮೇಷ್ಟ್ರದು ಸುಮ್ಮನಿರಲಾರದ ಕೈ. ಬಾಯಿಂದ ಕನ್ನಡ ಪಾಠ ಹೇಳಿ ಎಷ್ಟೋ ಮಕ್ಕಳನ್ನು ದಡ ಸೇರಿಸಿದ ಮನುಷ್ಯ, ಕೈಯಿಂದ ಮಾತ್ರ ಒಂದು ವಸ್ತುವನ್ನೂ ಉಳಿಸಿದವರಲ್ಲ. ಅತ್ತೆಮನೆಯ ಗೋಡೆ ಗಡಿಯಾರ ಸ್ವಲ್ಪ ಹಿಂದೆ ಓಡುತ್ತಿದೆಯೆಂದು ಬಿಚ್ಚಿದ್ದರು. ಅಂದಿನಿಂದ ಅದು ಹಿಂದೆಯೂ ಓಡಲಿಲ್ಲ, ಮುಂದೆಯೂ ಓಡಲಿಲ್ಲ. ರಂಜಾನಿನಲ್ಲಿ ಮಿಕ್ಸಿ ಸದ್ದು ಮಾಡುತ್ತಿದೆಯೆಂದು ಸ್ಕ್ರೂ ಬಿಗಿ ಮಾಡಿದ್ದರು. ಸದ್ದು ನಿಂತಿತು, ಜೊತೆಗೆ ಮಿಕ್ಸಿಯೂ ನಿಂತಿತು. ಅವರ ಹೆಂಡತಿ ದಿಲ್ಶಾದರ ತವರಿನಲ್ಲಿ ಯಾವ ಸಾಮಾನು ಕೆಟ್ಟರೂ ಮೊದಲು ಕೇಳುವ ಪ್ರಶ್ನೆ, "ದುಲ್ಹೆಭಾಯ್ ಮುಟ್ಟಿರಲಿಲ್ಲ ತಾನೆ?"

ಈಗ ಅವರ ಕೈಗೆ ಬಂದಿದ್ದು ಗಡಿಯಾರವಲ್ಲ, ಮಿಕ್ಸಿಯಲ್ಲ. ಒಂದು ಇಡೀ ಗಾಡಿ. ಅಜರ್ ಹೊಸಕೋಟೆಯಲ್ಲಿ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಕೂರಿಸಿ, ಚಕ್ರದ ಮೇಲೆ ಮನೆ ಮಾಡಿದ್ದ. ಊರೂರು ತಿರುಗುವ ಆಸೆಯ ಬೆಂಗಳೂರಿನ ಸಂಸಾರಗಳು ಅದನ್ನು ಬಾಡಿಗೆಗೆ ಒಯ್ಯುತ್ತಿದ್ದವು. ಆ ಗಾಡಿಯ ಒಡವೆಯೆಂದರೆ ಪಕ್ಕದ ಮೈಗೆ, ಮೇಲ್ಗಡೆ ಬಿಗಿದಿದ್ದ ಉದ್ದನೆಯ ಬಿಳಿ ಪೆಟ್ಟಿಗೆ. ರಿಮೋಟಿನ ಹಸಿರು ಗುಂಡಿ ಒತ್ತಿದರೆ ಪೆಟ್ಟಿಗೆ ಬಾಯಿ ತೆರೆದು, ಎರಡು ಲೋಹದ ತೋಳುಗಳು ಹೊರಗೆ ಚಾಚಿ, ನೀಲಿ ಪಟ್ಟೆಯ ದಪ್ಪ ಬಟ್ಟೆ ನಿಧಾನವಾಗಿ ಬಿಚ್ಚಿಕೊಂಡು ನೆರಳಾಗುತ್ತಿತ್ತು. ಕೆಂಪು ಗುಂಡಿ ಒತ್ತಿದರೆ ಆಮೆಯ ತಲೆಯಂತೆ ಒಳಗೆ ಹೋಗುತ್ತಿತ್ತು. ಕೆಳಗೆ ಒಂದು ಕಂಬವೂ ಇಲ್ಲ. ಅಜರ್ ಅದನ್ನು ಆನಿಂಗ್ ಎನ್ನುತ್ತಿದ್ದ. ಕನ್ನಡ ಮೇಷ್ಟ್ರಿಗೆ ಆ ಹೆಸರು ಹಿಡಿಸದೆ, ದಾರಿಯುದ್ದಕ್ಕೂ ಯೋಚಿಸಿ, ನೆರಳುರೆಕ್ಕೆ ಎಂದು ನಾಮಕರಣ ಮಾಡಿದರು. ಹೆಸರು ಏನಾದರೂ ಇರಲಿ, ಹರಿಯದೆ ಉಳಿದರೆ ಸಾಕು ಎಂದರು ದಿಲ್ಶಾದ್.

ಗಾಡಿ ಕೇಳಿದ್ದು ಅವರೇ. ಮಗಳು ಇಕ್ರಾ ಓದಲು ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ದಿಲ್ಶಾದರಿಗೆ ಒಂದು ಆಸೆ ಹುಟ್ಟಿತ್ತು. ಒಂದೇ ಒಂದು ದಿನ, ಒಲೆಯ ಮುಂದೆ ನಿಲ್ಲದೆ, ಬಯಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರಬೇಕು. ಮದುವೆಯಾದಾಗಿನಿಂದ ಏನೂ ಕೇಳದ ಹೆಣ್ಣು ಕೇಳಿದ್ದು ಅಷ್ಟೇ. ಅಕ್ಕನ ಮಾತಿಗೆ ಅಜರ್ ಇಲ್ಲವೆನ್ನಲಿಲ್ಲ. ಸೋಮವಾರ ಬೆಳಗ್ಗೆಯೇ ಗಿರಾಕಿಗಳು ಬರುತ್ತಾರೆ, ಸಂಜೆಗೆ ಗಾಡಿ ಕೊಟ್ಟ ಹಾಗೆಯೇ ವಾಪಸು ಬೇಕು ಎಂದಷ್ಟೇ ಹೇಳಿ, ಕಿವಿಗೆ ಫೋನು ಹಚ್ಚಿಕೊಂಡು ಹೋದ.

"ತಮ್ಮನ ಮುಂದೆ ನನ್ನ ತಲೆ ತಗ್ಗಿಸ್ಬೇಡಿ" ಎಂದರು ದಿಲ್ಶಾದ್.

ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಆ ಬಟ್ಟೇಲಿ ಒಂದು ನೂಲು ಕಿತ್ರೂ ಇನ್ಮೇಲೆ ನಾನು ಸ್ಕ್ರೂಡ್ರೈವರ್ ಮುಟ್ಟಲ್ಲ."

ದೊಡ್ಡಬಳ್ಳಾಪುರದಿಂದ ಹೊರಟು ಸಾಸಲು ದಾಟಿ, ಊರಾಚೆಯ ಗೋಮಾಳದ ದಿನ್ನೆಯ ಮೇಲೆ ಒಂಟಿ ಹೊಂಗೆಮರದ ಬಳಿ ಗಾಡಿ ನಿಲ್ಲಿಸಿದರು. ಆ ಊರಿನ ಶಾಲೆಯಲ್ಲಿ ಬಹಳ ಕಾಲ ಪಾಠ ಹೇಳಿ, ಹೋದ ವರ್ಷವಷ್ಟೇ ನಿವೃತ್ತರಾದವರು ಮೇಷ್ಟ್ರು. ಬೇರೆ ಕಡೆ ಹೋದರೆ ಯಾರೋ ಎಂತೋ, ಇಲ್ಲಾದರೆ ನಮ್ಮ ಜನ ಎಂಬ ನಂಬಿಕೆ. ನಮ್ಮ ಜನವಿರುವ ಕಡೆ ಸುಮ್ಮನೆ ಕೂರಲು ಆಗುವುದಿಲ್ಲವೆಂಬುದು ಅವರಿಗೆ ಆಗ ಹೊಳೆಯಲಿಲ್ಲ.

ನೆರಳುರೆಕ್ಕೆ ಬಿಚ್ಚಿಕೊಂಡಿತು. ಅದರ ಕೆಳಗೆ ದಿಲ್ಶಾದರು ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಬಗ್ಗಿಸಿದ ಚಹಾ ಕೈಯಲ್ಲಿ ಹಿಡಿದು, ಆಗಷ್ಟೇ ರಾಗಿ ಬಿತ್ತಿದ್ದ ಹೊಲಗಳನ್ನು ನೋಡುತ್ತ ಕೂತರು. ಮುಖದಲ್ಲಿ ಹರಕೆ ತೀರಿಸಿದವರ ನೆಮ್ಮದಿ. ಮೇಷ್ಟ್ರು ಆ ಮುಖವನ್ನು ಒಮ್ಮೆ, ಬಟ್ಟೆಯ ಅಂಚನ್ನು ಒಮ್ಮೆ ನೋಡುತ್ತ ನಿಂತರು.

ಚಹಾ ಮುಗಿಯುವ ಮೊದಲೇ ಮುನಿತಾಯಮ್ಮ ಬಂದಳು.

ಮುನಿತಾಯಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಹೆಡ್‌ಮೇಷ್ಟ್ರು ಬದಲಾದರೂ ಆಕೆ ಬದಲಾಗಲಿಲ್ಲ. ಶಾಲೆಯನ್ನು ನಿಜವಾಗಿ ನಡೆಸಿದವಳು ಆಕೆಯೇ ಎಂದು ಊರು ನಂಬಿತ್ತು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಮೂಗಿನ ಮೇಲೆ ಬೆರಳಿಟ್ಟಳು.

"ಅಲ್ಲ ಮೇಷ್ಟ್ರೇ, ಆಷಾಢದಾಗೆ ಚಪ್ಪರ ಹಾಕ್ಬುಟ್ಟಿದ್ದೀರಲ್ಲ. ಯಾರ್ದು ಮದ್ವೆ?"

ಇದು ಚಪ್ಪರವಲ್ಲ, ನೆರಳುರೆಕ್ಕೆ ಎಂದು ಮೇಷ್ಟ್ರು ವಿವರಿಸಿದರು. ಪದದ ಹುಟ್ಟನ್ನೂ ಬಿಡಿಸಿ ಹೇಳಿದರು. ಮುನಿತಾಯಮ್ಮ ಪೂರ್ತಿ ಕೇಳಿಸಿಕೊಂಡು, ನಾಲ್ಕು ಜನ ಕೂರುವಷ್ಟು ನೆರಳು ಮಾಡಿದರೆ ಅದು ಚಪ್ಪರವೇ, ರೆಕ್ಕೆ ಇರುವುದು ಕೋಳಿಗೆ ಎಂದಳು. ಆಷಾಢದಲ್ಲಿ ಹಾಕಬಾರದಿತ್ತು, ಇರಲಿ, ಗೊತ್ತಿಲ್ಲದೆ ಹಾಕಿದ್ದು. ಆದರೆ ಹಾಕಿದ ಚಪ್ಪರವನ್ನು ಬರಿದೇ ಇಳಿಸುವ ಹಾಗಿಲ್ಲ. ಅದರ ಕೆಳಗೆ ನಾಲ್ಕು ಜನಕ್ಕೆ ಎಲೆ ಹಾಕಿ, ಸಿಹಿ ಬಡಿಸಿ, ಆಮೇಲೆ ಇಳಿಸಬೇಕು. ಇದು ಆಕೆಯ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು.

"ಉಣ್ಣದ ಚಪ್ಪರ ಇಳಿಸಿದ್ರೆ ಆ ಮನೆ ಹೆಣ್ಮಕ್ಳಿಗೆ ಆಗಿಬರಾಕಿಲ್ಲ ಕಣವ್ವ" ಎಂದು ದಿಲ್ಶಾದರ ಕಡೆ ತಿರುಗಿ ಹೇಳಿದಳು. "ನಿಮ್ಗೂ ಒಬ್ಳು ಮಗಳವ್ಳೆ."

ದಿಲ್ಶಾದರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನಂಬಿಕೆಗಳು ಮನೆಮನೆಗೆ ಬೇರೆ. ತಾಯಿಯ ಭಯಕ್ಕೆ ಮಾತ್ರ ಎಲ್ಲ ಮನೆಯಲ್ಲೂ ಒಂದೇ ಹೆಸರು.

ಅದೇ ಹೊತ್ತಿಗೆ ಗಾಳಿ ಎದ್ದಿತು.

ಆಷಾಢದ ಗಾಳಿಯೆಂದರೆ ಮಳೆ ಬರುವ ದಾರಿಯನ್ನು ಗುಡಿಸಲು ಬರುವ ಗಾಳಿ ಎಂದು ಹಿರಿಯರು ಹೇಳುತ್ತಾರೆ. ಗುಡಿಸುವವರು ಒಂದೇ ಉಸಿರಿಗೆ ಗುಡಿಸುವುದಿಲ್ಲ. ಸ್ವಲ್ಪ ಗುಡಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಮತ್ತೆ ಬಗ್ಗುತ್ತಾರೆ. ಹಾಗೆ ಮೊದಲ ಸಲ ಬಗ್ಗಿದ ಗಾಳಿಗೆ ಹೊಂಗೆಮರ ತಲೆ ಕೊಡವಿತು, ಬಟ್ಟೆ ಒಮ್ಮೆ ಉಬ್ಬಿ ಪಟ್ಟನೆ ಬಡಿಯಿತು. ಮೇಷ್ಟ್ರ ಎದೆಯೂ ಅದರ ಜೊತೆಗೇ ಬಡಿಯಿತು. ಗಾಳಿ ದೇವರದ್ದು, ಬಟ್ಟೆ ಭಾವಮೈದುನನದ್ದು. ನಡುವೆ ನಿಂತವನ ಪಾಡು ಯಾರಿಗೆ ಬೇಕು?

ಅವರು ರಿಮೋಟು ತೆಗೆದು ಕೆಂಪು ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ಮುನಿತಾಯಮ್ಮ ಅವರ ಹೆಬ್ಬೆರಳನ್ನು ನೋಡಿದಳು. ದಿಲ್ಶಾದರೂ ನೋಡಿದರು. ಹೆಬ್ಬೆರಳು ತಾನಾಗಿಯೇ ಕೆಳಗಿಳಿಯಿತು.

"ಅರ್ಧ ಗಂಟೆ ಕೊಡಿ" ಎಂದು ದಿಲ್ಶಾದರು ಎದ್ದರು. "ಶಾವಿಗೆ ಇದೆ. ಪಾಯಸ ಮಾಡಿಬಿಡ್ತೀನಿ."

ಒಲೆಯ ಮುಂದೆ ನಿಲ್ಲಬಾರದೆಂದು ಬಂದ ಹೆಣ್ಣು ಹೀಗೆ ಗಾಡಿಯೊಳಗಿನ ಒಲೆಯ ಮುಂದೆ ನಿಂತಿತು. ಮುನಿತಾಯಮ್ಮ ಹಾಲು, ಬೆಲ್ಲ ತರುತ್ತೇನೆಂದು ಊರಿನತ್ತ ನಡೆದಳು. ಅವಳು ಬರೀ ಹಾಲು, ಬೆಲ್ಲ ತರಲಿಲ್ಲ. ಮೇಷ್ಟ್ರ ಚಪ್ಪರಕ್ಕೆ ಗಾಳಿ ಬಡಿದಿದೆ ಎಂಬ ಸುದ್ದಿಯನ್ನು ಒಯ್ದು, ಇಬ್ಬರು ಗಂಡಸರನ್ನು ತಂದಳು.

ಮೊದಲು ಬಂದವರು ಅಪ್ಪಯ್ಯಣ್ಣ. ಸುತ್ತಿನ ಹಳ್ಳಿಗಳಲ್ಲಿ ಶಾಮಿಯಾನದವರು ಬರುವುದಕ್ಕೆ ಮುಂಚೆ ಮದುವೆ ಚಪ್ಪರಗಳನ್ನೆಲ್ಲ ಕಟ್ಟಿದ ವೃದ್ಧರು. ಹೆಗಲ ಮೇಲೆ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಕಾಲದ ಒಂದು ದಪ್ಪ ಹಗ್ಗ, ಅಂಥ ಹಗ್ಗ ಈಗ ಯಾರೂ ಹೊಸೆಯುವುದಿಲ್ಲ ಎಂಬ ಮಾತು ಬಾಯಲ್ಲಿ. ಅವರ ಹಿಂದೆ ಬೈರಪ್ಪ. ಮೇಷ್ಟ್ರ ಹಳೆಯ ವಿದ್ಯಾರ್ಥಿ, ಈಗ ಟ್ರ್ಯಾಕ್ಟರಿನ ಯಜಮಾನ. ಏಳನೇ ತರಗತಿಯಲ್ಲಿ ಮೇಷ್ಟ್ರು ತನ್ನನ್ನು ಪಾಸು ಮಾಡಿದ ಋಣ ತೀರಿಸಲು ಅವನಿಗೆ ಇದುವರೆಗೆ ಅವಕಾಶ ಸಿಕ್ಕಿರಲಿಲ್ಲ.

ಅಪ್ಪಯ್ಯಣ್ಣ ಬಟ್ಟೆಯ ಕೆಳಗೆ ಬಗ್ಗಿ ನೋಡಿ, ಎದ್ದು, ಮತ್ತೆ ಬಗ್ಗಿ ನೋಡಿದರು.

"ಕಂಬ ಎಲ್ಲಿ ಮೇಷ್ಟ್ರೇ?"

ಇದಕ್ಕೆ ಕಂಬವಿಲ್ಲ, ತೋಳಿನ ಬಲದಲ್ಲೇ ನಿಲ್ಲುತ್ತದೆ ಎಂದರು ಮೇಷ್ಟ್ರು.

"ಕಂಬ ಇಲ್ದಿರೋ ಚಪ್ಪರ ಅಂದ್ರೆ, ಕಾಲು ಇಲ್ದಿರೋ ಮದುಮಗ ಹಸೆಮಣೆಗೆ ಹಾರ್ದಂಗೆ" ಎಂದು ಅವರು ತೀರ್ಪು ಕೊಟ್ಟರು.

ಮೇಷ್ಟ್ರಿಗೆ ಅಜರನ ಮಾತು ನೆನಪಾಯಿತು. ಏನೂ ಮಾಡಬೇಡಿ. ಮಾಡಲು ಬಾರದವನಿಗೆ ಹೇಳುವ ಮಾತು ಅದು. ಅವರು ಅಂಗಿಯ ತೋಳು ಮಡಚಿ, ತಾವೇ ಮೊದಲ ಹಗ್ಗ ತೆಗೆದುಕೊಂಡು, ಬಟ್ಟೆಯ ಮುಂದಿನ ಅಡ್ಡಪಟ್ಟಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ತಾವು ಕೂರುವ ಪ್ಲಾಸ್ಟಿಕ್ ಕುರ್ಚಿಗೆ ಬಿಗಿದರು. ಗಾಳಿ ಎರಡನೆಯ ಸಲ ಬಗ್ಗಿತು. ಕುರ್ಚಿ ನಾಲ್ಕು ಹೆಜ್ಜೆ ನಡೆದು, ಮುನಿತಾಯಮ್ಮನ ಮೊಣಕಾಲಿಗೆ ನಮಸ್ಕಾರ ಮಾಡಿ, ಮಕಾಡೆ ಮಲಗಿತು.

ಆಮೇಲೆ ನಡೆದದ್ದು ಯಾರೂ ಎಣಿಸದ ಸಂಗತಿ. ಬಿಳಿ ಪೆಟ್ಟಿಗೆಯೊಳಗಿಂದ ಗುರ್ರೆಂಬ ಸದ್ದು ಬಂತು. ಎರಡು ತೋಳುಗಳೂ ಮಡಚತೊಡಗಿದವು. ಇಡೀ ಬಟ್ಟೆ ಕುರ್ಚಿಯನ್ನೂ ಎಳೆದುಕೊಂಡು ನಿಧಾನವಾಗಿ ಪೆಟ್ಟಿಗೆಯ ಬಾಯೊಳಗೆ ಹೋಗತೊಡಗಿತು.

ಮುನಿತಾಯಮ್ಮ ಮೇಷ್ಟ್ರ ಕೈ ನೋಡಿದಳು. "ಗುಂಡಿ ಒತ್ತಿದ್ರಾ?"

"ಅಲ್ಲಾಹನ ಆಣೆ, ಮುಟ್ಟಿಲ್ಲ." ರಿಮೋಟು ಮಡಚುವ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ತಮ್ಮ ಜೀವಮಾನದಲ್ಲಿ ಮೇಷ್ಟ್ರು ಏನನ್ನೂ ಮುಟ್ಟದೆ ಇದ್ದ ಅಪರೂಪದ ಗಳಿಗೆ ಅದು. ನಂಬುವವರು ಯಾರೂ ಇರಲಿಲ್ಲ.

"ಹಂಗಾದ್ರೆ ಗಾಳೀನೇ ಒಳಕ್ಕೆ ತಳ್ತಾ ಐತೆ" ಎಂದರು ಅಪ್ಪಯ್ಯಣ್ಣ. "ಹಿಡೀರ್ಲಾ. ಮುದುರಿಕೊಂಡ್ರೆ ಬಟ್ಟೆ ಚಿಂದಿ ಆಯ್ತದೆ."

ಎಲ್ಲರಿಗಿಂತ ಮುಂದೆ ಹಾರಿದವರು ಮೇಷ್ಟ್ರೇ. ಅಡ್ಡಪಟ್ಟಿಗೆ ಎರಡೂ ಕೈ ಹಾಕಿ ಜೋತುಬಿದ್ದರು. ಪೆಟ್ಟಿಗೆ ಒಳಗೆ ಎಳೆಯಿತು, ಮೇಷ್ಟ್ರು ಹೊರಗೆ ಎಳೆದರು. ಬೆರಳ ತುದಿಯ ಮೇಲೆ ನಿಂತು, ಹೊಟ್ಟೆ ಮುಂದೆ, ಕಾಲು ಹಿಂದೆ, ಬಾವಿಯ ರಾಟೆಗೆ ಸಿಕ್ಕಿದ ಕೊಡದಂತೆ ಓಲಾಡಿದರು. ಬೈರಪ್ಪ ಅವರ ಸೊಂಟ ಹಿಡಿದ. ಅಪ್ಪಯ್ಯಣ್ಣ ಬೈರಪ್ಪನ ಸೊಂಟ ಹಿಡಿದರು. ಗಾಳಿ ಸೊಂಟ ನೆಟ್ಟಗೆ ಮಾಡಿಕೊಳ್ಳಲು ನಿಂತಾಗ ಪೆಟ್ಟಿಗೆಯ ಸದ್ದೂ ನಿಂತಿತು. ಮೇಷ್ಟ್ರು ಬೆವರೊರೆಸಿಕೊಂಡು ಹಸಿರು ಗುಂಡಿ ಒತ್ತಿ, ಬಟ್ಟೆಯನ್ನು ಮತ್ತೆ ಪೂರ್ತಿ ಹೊರಗೆ ತಂದರು.

ಮತ್ತೆ ಗಾಳಿ, ಮತ್ತೆ ಗುರ್ರ್. ಮತ್ತೆ ಮೂವರೂ ಸೊಂಟ ಸೊಂಟ ಹಿಡಿದು ಜೋತುಬಿದ್ದರು. ಗಾಡಿಯೊಳಗಿನಿಂದ ದಿಲ್ಶಾದರು, ಗಾಡಿ ಅಲುಗಾಡಿ ಹಾಲು ಚೆಲ್ಲುತ್ತಿದೆ ಎಂದು ದೂರು ಹೇಳಿದರು.

ಮಧ್ಯಾಹ್ನದ ಜೊಹರ್ ನಮಾಜಿನ ಹೊತ್ತಾಯಿತು. ಮೇಷ್ಟ್ರು ಒಂದು ನಮಾಜನ್ನೂ ತಪ್ಪಿಸಿದವರಲ್ಲ. ಬಟ್ಟೆಯನ್ನು ಆ ಇಬ್ಬರ ಕೈಗೆ ಒಪ್ಪಿಸಿ, ಹೊಂಗೆಮರದ ಆಚೆ ಚಾಪೆ ಹಾಸಿ ಪಡುವಣಕ್ಕೆ ಮುಖ ಮಾಡಿ ನಿಂತರು. ಮನಸ್ಸನ್ನು ದೇವರ ಮುಂದೆ ಇಟ್ಟರು. ಕಿವಿಗಳು ಮಾತ್ರ ಬೆನ್ನ ಹಿಂದೆಯೇ ಉಳಿದವು. ಬಗ್ಗಿದಾಗ ಯಾವುದೋ ಎಂಜಿನ್ ಸದ್ದು. ಹಣೆ ನೆಲಕ್ಕೆ ಮುಟ್ಟಿದಾಗ ನೆಲವೇ ಗುದ್ದಿಸಿಕೊಂಡ ಸದ್ದು. "ಇನ್ನೊಂದ್ ಗುದ್ದು ಹಾಕ್ಲಾ ಬೈರ." ಕೊನೆಗೆ ಸಲಾಮು ಹೇಳಲು ಬಲಕ್ಕೆ ಮುಖ ತಿರುಗಿಸಿದರೆ ಕಣ್ಣಂಚಿಗೆ ಕೆಂಪು ಟ್ರ್ಯಾಕ್ಟರು ಕಂಡಿತು. ಎಡಕ್ಕೆ ತಿರುಗಿಸಿದರೆ ನೆಟ್ಟ ನೀಲಗಿರಿ ಕಂಬಗಳು ಕಂಡವು.

ದುವಾ ಬೇಡಲು ಎತ್ತಿದ ಕೈಯನ್ನು ಅವರು ಆ ದಿನ ಬೇಗ ಇಳಿಸಲಿಲ್ಲ. ಬೇಡಿದ್ದು ಒಂದೇ ಮಾತು. ಯಾ ಅಲ್ಲಾಹ್, ಈ ಬಟ್ಟೆಯಲ್ಲಿ ಒಂದು ನೂಲೂ ಕೀಳದಂತೆ ಕಾಪಾಡು.

ಬಂದು ನೋಡಿದರೆ ಅಪ್ಪಯ್ಯಣ್ಣನವರ ಕೈಚಳಕ ಬೆಳಗುತ್ತಿತ್ತು. ಅಡ್ಡಪಟ್ಟಿಯ ಕೆಳಗೆ ಹಸಿ ನೀಲಗಿರಿ ಕಂಬಗಳು ನಿಂತಿದ್ದವು. ಕಂಬಕ್ಕೂ ಪಟ್ಟಿಗೂ ಕಪಿಲೆ ಹಗ್ಗದ ಸುತ್ತು. ಕಂಬದ ಬುಡಕ್ಕೆ ಮಣ್ಣು ತುಂಬಿದ ಗೊಬ್ಬರದ ಚೀಲ. ಲೋಹದ ತೋಳುಗಳಿಗೆ ಅಡ್ಡಲಾಗಿ ಬಿದಿರಿನ ಗಳ. ಇಷ್ಟೂ ಸಾಲದೆಂದು ಎರಡು ಮೂಲೆಯಿಂದ ಹಗ್ಗ ಹೊರಟು ಟ್ರ್ಯಾಕ್ಟರಿನ ಹಿಂಬದಿಗೆ ಸೇರಿತ್ತು. ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸಿ, ಬೈರಪ್ಪ ಅದರ ಮೇಲೆ ತಾನೂ ಹತ್ತಿ ಕೂತಿದ್ದ. ಮುನಿತಾಯಮ್ಮ ಕಂಬಗಳಿಗೆ ಮಾವಿನ ಸೊಪ್ಪು ಕಟ್ಟಿದ್ದಳು. ಚಪ್ಪರ ಅಂದ ಮೇಲೆ ತೋರಣವಿಲ್ಲದೆ ಹೇಗೆ?

"ಇನ್ನ ಊರೇ ಹಾರೋದ್ರೂ ಇದು ಹಾರಾಕಿಲ್ಲ ಮೇಷ್ಟ್ರೇ" ಎಂದರು ಅಪ್ಪಯ್ಯಣ್ಣ.

ದೊಡ್ಡ ಗಾಳಿ ಬಂದದ್ದು ಆಗಲೇ. ಹೊಲದ ಕೆಂಪು ಧೂಳನ್ನು ಕಂಬಳಿಯ ಹಾಗೆ ಎತ್ತಿಕೊಂಡು ಬಂತು. ಹೊಂಗೆಯ ಎಲೆಗಳು ಆಕಾಶಕ್ಕೆ ಹೋದವು, ಮುನಿತಾಯಮ್ಮ ತಂದಿದ್ದ ಖಾಲಿ ಬುಟ್ಟಿ ಸಾಸಲಿನ ಕಡೆಗೆ ಹೋಯಿತು. ಬಟ್ಟೆ ಉಬ್ಬಿ ಬಡಿಯಿತು. ಪೆಟ್ಟಿಗೆ ಗುರ್ರೆಂದು ಎಳೆಯಿತು, ಕಂಬ ಬಿಡಲಿಲ್ಲ. ಗೊಂಯ್ಯೆಂದು ಎಳೆಯಿತು, ಟ್ರ್ಯಾಕ್ಟರು ಬಿಡಲಿಲ್ಲ. ಕಟ್ಟಿಹಾಕಿದ ಎತ್ತು ನರಳಿದ ಹಾಗೆ ಬಹಳ ಹೊತ್ತು ನರಳಿ, ಕೊನೆಗೆ ಟಕ್ಕೆಂದು ಒಂದು ಸಣ್ಣ ಸದ್ದು ಮಾಡಿ, ಪೆಟ್ಟಿಗೆ ಮೌನವಾಯಿತು.

ಮೇಷ್ಟ್ರು ಅದರ ಕಡೆ ನೋಡುವ ಮೊದಲೇ ಎಲ್ಲರ ಮೂಗಿಗೂ ಸುಟ್ಟ ವಾಸನೆ ಬಡಿಯಿತು.

ಮುನಿತಾಯಮ್ಮ ಮೂಗನ್ನು ಮೇಲೆತ್ತಿ ಎರಡು ಸಲ ಎಳೆದುಕೊಂಡಳು. ಶಾಲೆಯ ದೊಡ್ಡ ಹಂಡೆಗಳ ಮುಂದೆ ವಯಸ್ಸು ಕಳೆದ ಮೂಗು ಅದು. "ಅವ್ವಾ, ಪಾಯ್ಸ ತಳ ಹಿಡೀತು" ಎಂದು ಗಾಡಿಯ ಕಡೆ ಕೂಗಿದಳು.

ದಿಲ್ಶಾದರು ಸೌಟು ಹಿಡಿದೇ ಬಾಗಿಲಿಗೆ ಬಂದರು. ಮುಖ ಕೆಂಪಾಗಿತ್ತು. ತಾನು ಸೌಟು ನಿಲ್ಲಿಸಿಯೇ ಇಲ್ಲ, ತಳ ಹಿಡಿಯಲು ಸಾಧ್ಯವೇ ಇಲ್ಲ ಎಂದರು. ಮುನಿತಾಯಮ್ಮ, ಇರಲಿ ಬಿಡವ್ವ, ಗಾಳಿಗೆ ಒಲೆ ಹೆಚ್ಚು ಕಮ್ಮಿ ಆಗ್ತದೆ, ಎಂಥವರಿಗೂ ಆಗುವುದೇ ಎಂದು ಸಮಾಧಾನ ಮಾಡಿದಳು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. "ಮದುವೆಯಾದಾಗಿಂದ ನನ್ನ ಕೈಲಿ ಒಂದು ಪಾತ್ರೆ ತಳ ಹಿಡಿದಿಲ್ಲ. ಕೇಳಿ ಇವರನ್ನ." ಮೇಷ್ಟ್ರು ಬಟ್ಟೆಯ ಹೊಲಿಗೆ ಹೊಲಿಗೆಯನ್ನೂ ತಡವಿ ನೋಡುತ್ತಿದ್ದರು. ಅವರು ಉತ್ತರ ಕೊಡದೆ ಇದ್ದದ್ದು ದಿಲ್ಶಾದರ ಲೆಕ್ಕದಲ್ಲಿ ಒಂದು ಸಾಕ್ಷಿಯಾಗಿ ಜಮೆಯಾಯಿತು.

ಗಾಳಿ ಬಂದ ಹಾಗೆಯೇ ಹೋಯಿತು. ದಿನ್ನೆಯ ಮೇಲೆ ಗುಡಿಸಿದ ಅಂಗಳದ ಶಾಂತಿ ನೆಲೆಸಿತು. ಮೇಷ್ಟ್ರು ಬಟ್ಟೆಯನ್ನು ಅಂಚಿನಿಂದ ಅಂಚಿಗೆ ನೋಡಿದರು. ಹರಿದಿಲ್ಲ. ಕಿತ್ತಿಲ್ಲ. ಒಂದು ನೂಲೂ ಎದ್ದಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಒಂದು ವಸ್ತು ಅವರ ಕೈಗೆ ಬಂದು ಇಡಿಯಾಗಿ ಉಳಿದದ್ದು ಇದೇ ಮೊದಲು.

"ಮೇಷ್ಟ್ರ ಕೈಗುಣ" ಎಂದ ಬೈರಪ್ಪ, ಟ್ರ್ಯಾಕ್ಟರಿನಿಂದ ಇಳಿಯುತ್ತ. ಆ ಮಾತನ್ನು ಅತ್ತೆಮನೆಯವರೆಲ್ಲ ಕೇಳುವ ಹಾಗಿದ್ದರೆ ಎಂದು ಮೇಷ್ಟ್ರಿಗೆ ಅನಿಸಿತು. ಅನಿಸಿದ್ದೇ ತಡ ಫೋನು ತೆಗೆದು, ಕಂಬ, ಹಗ್ಗ, ಚೀಲ, ತೋರಣ, ಟ್ರ್ಯಾಕ್ಟರು ಎಲ್ಲ ಬರುವಂತೆ ಒಂದು ಪಟ ಹಿಡಿದು ಅಜರನಿಗೆ ಕಳಿಸಿದರು. ಜೊತೆಗೆ ಒಂದು ಸಾಲು: ಗಾಳಿ ಬಂತು, ನಾವೂ ಇದ್ದೆವು.

ಅಜರನಿಂದ ಉತ್ತರ ಬರಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡರು.

ಚಪ್ಪರದ ಕೆಳಗೆ ಮುತ್ತುಗದ ಎಲೆಗಳು ಬಿದ್ದವು. ಅಪ್ಪಯ್ಯಣ್ಣ, ಬೈರಪ್ಪ, ಮುನಿತಾಯಮ್ಮ ಸಾಲಾಗಿ ಕೂತರು, ಕೊನೆಯಲ್ಲಿ ಮೇಷ್ಟ್ರು. ದಿಲ್ಶಾದರು ಬಿಗಿದ ಮುಖದಿಂದ ಬಡಿಸಿದರು. ಮುನಿತಾಯಮ್ಮ ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಸುಟ್ಟ ರುಚಿಯನ್ನು ಹುಡುಕಿದಳು. ಎರಡನೆಯ ತುತ್ತಿನಲ್ಲೂ ಹುಡುಕಿದಳು. ಎಲೆ ಬರಿದಾಗುವವರೆಗೂ ಹುಡುಕಿ, ಇನ್ನೊಂದು ಸೌಟು ಹಾಕಿಸಿಕೊಂಡು ಅದರಲ್ಲೂ ಹುಡುಕಿದಳು.

"ತಳದ್ದು ಬಡಿಸಿಲ್ಲ ಅಂತ ಕಾಣ್ತದೆ" ಎಂದಳು ಕೊನೆಗೆ.

ದಿಲ್ಶಾದರು ಒಳಗೆ ಹೋಗಿ, ಪಾತ್ರೆಯನ್ನೇ ತಂದು ಆಕೆಯ ಮುಂದೆ ಓರೆ ಮಾಡಿ ತೋರಿಸಿದರು. ಪಾತ್ರೆಯ ತಳ ಹೊಸ ಕಾಸಿನ ಹಾಗೆ ಹೊಳೆಯುತ್ತಿತ್ತು. ಮುನಿತಾಯಮ್ಮ ಅದನ್ನು ಬೆರಳಿನಿಂದ ಒರೆಸಿ ನೋಡಿ, ಸುಟ್ಟದ್ದು ಮತ್ತೇನು ಎಂಬಂತೆ ಸುತ್ತ ನೋಡಿದಳು.

ಹೊತ್ತು ಇಳಿಯುವಾಗ ದಿನ್ನೆಯ ಬುಡದಲ್ಲಿ ಒಂದು ಬೈಕು ಧೂಳೆಬ್ಬಿಸಿತು. ಅಜರ್. ಹೊಸಕೋಟೆಯಿಂದ ಅವನು ಬಂದ ವೇಗಕ್ಕೆ ಹೆಲ್ಮೆಟ್ಟಿನೊಳಗೂ ಕೂದಲು ಎದ್ದು ನಿಂತಿತ್ತು. ಮೇಷ್ಟ್ರು ಎರಡು ಕೈ ಚಾಚಿ ಎದುರು ಹೋದರು. ಅವನು ಸಲಾಮು ಹೇಳಿ, ಅವರನ್ನು ದಾಟಿ, ನೇರ ಗಾಡಿಯ ಬಳಿ ಹೋದ.

ಅವನು ಬಟ್ಟೆಯನ್ನು ನೋಡಲೇ ಇಲ್ಲ. "ನೋಡು, ಒಂದು ನೂಲು..." ಎಂದು ಮೇಷ್ಟ್ರು ಹಿಂದೆ ಹಿಂದೆ ಹೇಳುತ್ತಲೇ ಇದ್ದರು. ಅವನು ಹಗ್ಗಗಳನ್ನೆಲ್ಲ ಬಿಚ್ಚಿಸಿ, ರಿಮೋಟು ತೆಗೆದು ಕೆಂಪು ಗುಂಡಿ ಒತ್ತಿದ. ಏನೂ ಆಗಲಿಲ್ಲ. ಹಸಿರು ಒತ್ತಿದ. ಏನೂ ಆಗಲಿಲ್ಲ. ಬಿಳಿ ಪೆಟ್ಟಿಗೆಗೆ ಮೂಗು ಹಚ್ಚಿ ಮೂಸಿದ. ಆಮೇಲೆ ಮೇಷ್ಟ್ರು ಕಟ್ಟಿದ್ದ ಕುರ್ಚಿಯ ಮೇಲೇ ಕೂತುಬಿಟ್ಟ.

"ಇದರೊಳಗೆ ಗಾಳಿ ಗೊತ್ತು ಮಾಡ್ಕೊಳ್ಳೋ ಯಂತ್ರ ಇದೆ ದುಲ್ಹೆಭಾಯ್. ಬಟ್ಟೆ ಜೋರಾಗಿ ಅಲುಗಾಡಿದ್ರೆ ಯಾರೂ ಮುಟ್ಟೋದು ಬೇಡ, ಮೋಟಾರು ತಾನೇ ಮಡಚಿ ಒಳಗೆ ಎಳ್ಕೊಳ್ಳುತ್ತೆ. ಅದಕ್ಕೇ ಹೇಳಿದ್ದು, ಏನೂ ಮಾಡ್ಬೇಡಿ ಅಂತ."

ಅಪ್ಪಯ್ಯಣ್ಣ ತಮ್ಮ ಹಗ್ಗವನ್ನು ಮೆಲ್ಲಗೆ ಸುತ್ತಿಕೊಳ್ಳತೊಡಗಿದರು. ಬೈರಪ್ಪ ಟ್ರ್ಯಾಕ್ಟರಿನ ಚಕ್ರದಲ್ಲಿ ಗಾಳಿ ಸರಿಯಿದೆಯೇ ಎಂದು ಒದ್ದು ನೋಡಿದ. ದುವಾ ಬೇಡಿದ್ದ ಮೇಷ್ಟ್ರಿಗೆ ಆಕಾಶದ ಕಡೆ ನೋಡಲೂ ಸಂಕೋಚವಾಯಿತು. ಅಲ್ಲಿ ತಪ್ಪೇನೂ ಆಗಿರಲಿಲ್ಲ. ಬೇಡಿದ್ದು ಬಟ್ಟೆಯ ನೂಲು. ಕೊಟ್ಟದ್ದು ಬಟ್ಟೆಯ ನೂಲು. ಮೋಟಾರಿನ ಮಾತನ್ನು ಅವರು ಎತ್ತಿಯೇ ಇರಲಿಲ್ಲ.

ಮೊದಲು ಬಾಯಿ ತೆರೆದವರು ದಿಲ್ಶಾದ್. ಅವರ ಮುಖ ಮಧ್ಯಾಹ್ನದಿಂದ ಮೊದಲ ಬಾರಿಗೆ ಅರಳಿತ್ತು.

"ಹಾಗಾದ್ರೆ ಸುಟ್ಟಿದ್ದು ಮೋಟಾರು. ನನ್ನ ಪಾಯಸ ಅಲ್ಲ."

"ತಪ್ಪಾಯ್ತು ಕಣವ್ವ" ಎಂದು ಮುನಿತಾಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ತಮ್ಮನ ಗಾಡಿ ನಿಂತುಹೋದ ದುಃಖ ದಿಲ್ಶಾದರಿಗೆ ಇರಲಿಲ್ಲವೆಂದಲ್ಲ; ಆದರೆ ಅದಕ್ಕೆ ಸ್ವಲ್ಪ ಹೊತ್ತು ಹೊರಗೆ ಕಾಯಬೇಕಾಯಿತು.

ಅಜರ್ ಫೋನಿನಲ್ಲಿ ಯಾರು ಯಾರೊಡನೆಯೋ ಮಾತಾಡಿ ಬಂದ. ಕೈಯಲ್ಲಿ ಮಡಚಲು ನೋಡಿದರೆ ತೋಳಿನೊಳಗಿನ ಸ್ಪ್ರಿಂಗು ಮುಖಕ್ಕೆ ಹೊಡೆಯುತ್ತದೆ. ರೆಕ್ಕೆ ಚಾಚಿಕೊಂಡು ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ರಿಪೇರಿಯವರು ಪುಣೆಯಿಂದ ಬರಬೇಕು, ಅವರು ಬರುವುದು ಮುಂದಿನ ವಾರ. ನಾಳೆಯ ಗಿರಾಕಿಗಳಿಗೆ ಇಲ್ಲವೆಂದು ಹೇಳಿದ್ದಾಯಿತು. ಅಲ್ಲಿಯವರೆಗೆ ಗಾಡಿ ಈ ದಿನ್ನೆಯ ಮೇಲೇ, ಕಾಯುವುದು ದುಲ್ಹೆಭಾಯ್.

ಮುನಿತಾಯಮ್ಮ ಗಂಟಲು ಸರಿಮಾಡಿಕೊಂಡಳು. ಹೇಳಬಾರದೆಂದುಕೊಂಡರೂ ಹೇಳದೆ ಇರಲಾಗುತ್ತಿಲ್ಲ ಎಂದಳು. ಇವತ್ತಿನ ಸಿಹಿ ಇವತ್ತಿಗೆ ಸರಿ. ಆದರೆ ಚಪ್ಪರ ಇಳಿಯದೆ ರಾತ್ರಿ ಕಳೆದರೆ ಮಾರನೆಯ ದಿನ ಮತ್ತೆ ಎಲೆ ಬೀಳಬೇಕು. ಅದು ನಿಂತಿರುವಷ್ಟು ದಿನವೂ, ದಿನಾ ನಾಲ್ಕು ಜನಕ್ಕೆ.

ದಿಲ್ಶಾದರು ಯೋಚಿಸಿದರು. ಆಮೇಲೆ ಸೌಟನ್ನು ಗಂಡನ ಕೈಗೆ ಕೊಟ್ಟು, ಕುರ್ಚಿಯಿಂದ ತಮ್ಮನನ್ನು ಎಬ್ಬಿಸಿ, ಅದನ್ನು ಚಪ್ಪರದ ಕೆಳಗೆ ಹಾಕಿಕೊಂಡು ಕೂತರು. "ನನ್ನ ಒಂದು ದಿನ ಇನ್ನೂ ಬಾಕಿ ಇದೆ. ನಾಳೆಯಿಂದ ಅಡುಗೆ ಇವರು ಮಾಡ್ತಾರೆ."

ಸೌಟು ಹಿಡಿದು ನಿಂತ ಆ ಕೈಗಳನ್ನು ಮುನಿತಾಯಮ್ಮ ನೋಡಿದಳು. ಅಪ್ಪಯ್ಯಣ್ಣನೂ ಬೈರಪ್ಪನೂ ನೋಡಿದರು. ಮುನಿತಾಯಮ್ಮನ ಅತ್ತೆಯ ಅತ್ತೆಯ ಕಾಲದ ನೇಮ ಅಲ್ಲಿಯೇ ಸ್ವಲ್ಪ ಸಡಿಲವಾಯಿತು. "ಒಲೆ ಹಚ್ಚಲೇಬೇಕು ಅಂತೇನಿಲ್ಲ ಮೇಷ್ಟ್ರೇ" ಎಂದಳು. "ಒಂದೊಂದು ಚೂರು ಬೆಲ್ಲ ಕೊಟ್ರೂ ನಡೀತದೆ."

ಅಷ್ಟರಲ್ಲಿ ಪಡುವಣದಿಂದ ಮತ್ತೆ ಗಾಳಿ ಎದ್ದಿತು. ಹೊಂಗೆಮರ ಅಲುಗಿತು, ಬಟ್ಟೆ ಮೆಲ್ಲಗೆ ಉಬ್ಬಿತು. ಎಲ್ಲರೂ ಒಟ್ಟಿಗೆ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಸೌಟನ್ನು ಪಕ್ಕಕ್ಕಿಟ್ಟು, ಹೆಂಡತಿಯ ಪಕ್ಕದಲ್ಲಿ ಮಣ್ಣಿನ ಚೀಲವೊಂದರ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಗಾಳಿ ಬಂದು, ಚಪ್ಪರವನ್ನು ಒಮ್ಮೆ ತಡವಿ, ತನ್ನ ಪಾಡಿಗೆ ಹೋಯಿತು.